ಕೆಂಪು ಪೆನ್ಸಿಲಿನ ಗುಡ್

ನಮ್ಮ ಮನೆಯಲ್ಲಿ ಯಾರನ್ನೂ ಎದುರಿಗೆ ಹೊಗಳುವ ಪದ್ಧತಿ ಇರಲಿಲ್ಲ. ಅಡುಗೆ ಬಹಳ ರುಚಿಯಾದ ದಿನ ಅಪ್ಪ ತಾಟನ್ನು ಸರಿಸಿ ‘ಅಡ್ಡಿಯಿಲ್ಲ’ ಎನ್ನುತ್ತಿದ್ದ. ರುಚಿ ಕೆಟ್ಟ ದಿನ ಏನೂ ಅನ್ನದೆ ಎದ್ದು ಕೈ ತೊಳೆಯುತ್ತಿದ್ದ. ಈ ಎರಡರ ನಡುವೆ ಬೇರೆ ದರ್ಜೆಗಳಿರಲಿಲ್ಲ. ನಾನು ಬಿ.ಕಾಂ. ಪಾಸಾಗಿ, ನಮ್ಮ ಮನೆತನದ ಮೊದಲ ಪದವೀಧರನಾಗಿ, ಅಂಕಪಟ್ಟಿಯನ್ನು ಅವನ ಕೈಗಿತ್ತಾಗಲೂ, ಓದಲು ಬಾರದ ಆ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ‘ಅಡ್ಡಿಯಿಲ್ಲ’ ಎಂದ. ಅವ್ವ ಮಾತ್ರ ದೇವರ ಮುಂದಿಟ್ಟು ಅದಕ್ಕೆ ಕುಂಕುಮ ಹಚ್ಚಿದಳು. ಆ ಕೆಂಪು ಕಲೆಯ ಕಾರಣದಿಂದ ಮುಂದೆ ಎರಡು ಸಂದರ್ಶನಗಳಲ್ಲಿ ನಾನು ವಿವರಣೆ ಕೊಡಬೇಕಾಯಿತು.

ಮೂರನೆಯ ಸಂದರ್ಶನದಲ್ಲಿ ಕೆಲಸ ಸಿಕ್ಕಿತು. ಎಂಬತ್ತರ ದಶಕದ ಕೊನೆಯ ಭಾಗ. ಅಂಬರನಾಥದಲ್ಲಿ ಉಕ್ಕಿನ ಕಪಾಟುಗಳನ್ನು ತಯಾರಿಸುವ ಒಂದು ಸಣ್ಣ ಕಾರ್ಖಾನೆ. ಅದರ ಕಚೇರಿಯಲ್ಲಿ ನಾನು ಪತ್ರವ್ಯವಹಾರದ ಗುಮಾಸ್ತ. ನಾವು ಡೊಂಬಿವಲಿಯ ಚಾಳಿನ ಒಂದು ಕೋಣೆಯಲ್ಲಿದ್ದೆವು. ವಿಜಯಪುರದ ಕಡೆಯಿಂದ ಬಂದ ಅಪ್ಪ ಕಲ್ಯಾಣದ ಗೂಡ್ಸ್ ಯಾರ್ಡಿನಲ್ಲಿ ಹಮಾಲ. ಬೆಳಿಗ್ಗೆ ಇಬ್ಬರೂ ಒಂದೇ ಲೋಕಲ್ ರೈಲು ಹಿಡಿಯುತ್ತಿದ್ದೆವು. ಅವನು ಕಲ್ಯಾಣದಲ್ಲಿ ಇಳಿದ ಮೇಲೆ ನಾನು ಮುಂದೆ ಸಾಗುತ್ತಿದ್ದೆ. ಊರಿಗೆ ಊರೇ ಮುಂಬಯಿಯತ್ತ ನುಗ್ಗುವ ಹೊತ್ತಿನಲ್ಲಿ ನಾವು ಎದುರು ದಿಕ್ಕಿಗೆ ಹೋಗುತ್ತಿದ್ದುದರಿಂದ ಕುಳಿತುಕೊಳ್ಳಲು ಜಾಗ ಸಿಗುತ್ತಿತ್ತು. ಅದನ್ನೂ ನಾನು ಪದವಿಯ ಫಲವೆಂದೇ ಭಾವಿಸಿದ್ದೆ.

ನೌಕರಿ ಆರು ತಿಂಗಳ ಪರೀಕ್ಷಾವಧಿಯದು. ಆ ಬಳಿಕ ಸಾಹೇಬರು ಮೆಚ್ಚಿದರೆ ಕಾಯಂ, ಇಲ್ಲದಿದ್ದರೆ ಮನೆಗೆ. ನನ್ನ ಹಿಂದಿನವನು ಮನೆಗೆ ಹೋಗಿದ್ದ. ಅಪ್ಪ ಮೊದಲ ದಿನವೇ ಹೇಳಿಬಿಟ್ಟಿದ್ದ: “ನಿಂದು ಪಕ್ಕಾ ಆದ ದಿನಾ ನಾ ಕೊಕ್ಕಿ ಗೂಟಕ್ಕ ಹಾಕ್ತೀನಿ ನೋಡಪಾ ತಮ್ಮಾ.” ಕೊಕ್ಕೆಯೆಂದರೆ ಮೂಟೆಗೆ ಚುಚ್ಚಿ ಎತ್ತುವ ಕಬ್ಬಿಣದ ಕೊಂಡಿ. ಮೂಟೆ ಹೊತ್ತು ಹೊತ್ತು ಅವನ ಬಲ ಭುಜ ಎಡ ಭುಜಕ್ಕಿಂತ ಎರಡು ಬೆರಳು ಕೆಳಗಿಳಿದಿತ್ತು. ಆದ್ದರಿಂದ ಆರು ತಿಂಗಳೂ ನಾನು ಕಾಗದದ ಮೇಲೆ ಬರೆದ ಪ್ರತಿಯೊಂದು ಅಕ್ಷರವೂ ಆ ಭುಜದ ಮೇಲೇ ಬರೆದಂತೆ ನನಗೆ ಭಾಸವಾಗುತ್ತಿತ್ತು.

ಕಚೇರಿಯ ಕ್ರಮ ಹೀಗಿತ್ತು. ಪತ್ರದ ಕರಡನ್ನು ನಾನು ಇಂಗ್ಲಿಷಿನಲ್ಲಿ ಕೈಬರಹದಲ್ಲಿ ಸಿದ್ಧಪಡಿಸಿ ಸಾಹೇಬರ ಮೇಜಿನ ಮೇಲಿಡಬೇಕು. ಅವರು ಕೆಂಪು ಪೆನ್ಸಿಲಿನಿಂದ ತಿದ್ದಿ ಹಿಂತಿರುಗಿಸುತ್ತಾರೆ. ನಾನು ಅದನ್ನು ಟೈಪ್ ಮಾಡಿ ಸಹಿಯ ಟ್ರೇಯಲ್ಲಿ ಇಡಬೇಕು. ಸಹಿ ಮಾಡುವಾಗ ಸಾಹೇಬರು ಮತ್ತೆ ಓದುವುದಿಲ್ಲ. ತಾವು ತಿದ್ದಿದ್ದೇ ಅಲ್ಲಿದೆಯೆಂಬ ಭರವಸೆ ಅವರದು. ಈ ಕ್ರಮವನ್ನು ನನಗೆ ಬೋಧಿಸಿದವರು ಹೆಡ್ ಕ್ಲಾರ್ಕ್. ಕರಾವಳಿಯವರು, ಮೂಗಿನ ತುದಿಯಲ್ಲಿ ಕನ್ನಡಕ.

“ನೋಡು ಮಾರಾಯ, ಸಾಹೇಬರ ಕೆಂಪು ಉಂಟಲ್ಲ, ಅದು ಬಿದ್ದಲ್ಲಿ ನಿನ್ನ ತಲೆ ಓಡಿಸ್ಲಿಕ್ಕೆ ಹೋಗ್ಬೇಡ. ಕೆಂಪಲ್ಲಿ ಎಂತ ಉಂಟೋ ಅದು ಟೈಪಲ್ಲಿ ಬರ್ಬೇಕು. ನಿನ್ನ ಹಿಂದಿನವ ತಲೆ ಓಡಿಸಿದ. ಈಗ ಎಲ್ಲಿದ್ದಾನೆ?”

“ಎಲ್ಲಿದ್ದಾರೆ ಸರ್?”

“ನಂಗೆಂತ ಗೊತ್ತು? ಇಲ್ಲಿಲ್ಲ ಅಲ್ವಾ, ಅಷ್ಟು ಸಾಕು.”

ನಾನು ತಲೆ ಓಡಿಸಲಿಲ್ಲ. ಸಾಹೇಬರು ಮರಾಠಿಯವರು, ಮಿತಭಾಷಿ. ಐದು ತಿಂಗಳಲ್ಲಿ ಅವರು ನನ್ನ ಕೆಲಸದ ಬಗೆಗೆ ಒಂದು ಮಾತನ್ನೂ ಆಡಿರಲಿಲ್ಲ, ಒಳ್ಳೆಯದನ್ನೂ, ಕೆಟ್ಟದ್ದನ್ನೂ. ನನ್ನ ಕರಡುಗಳು ಮಾತ್ರ ಅವ್ವನ ಕುಂಕುಮ ಬಿದ್ದ ಅಂಕಪಟ್ಟಿಯಂತೆ ಕೆಂಪಾಗಿ ಹಿಂದಿರುಗುತ್ತಿದ್ದವು.

ಆರನೆಯ ತಿಂಗಳಿನಲ್ಲಿ ಕಳಂಬೋಲಿಯ ಉಕ್ಕಿನ ಪೇಟೆಯ ವ್ಯಾಪಾರಿಯೊಬ್ಬ ಸತತ ಎರಡನೆಯ ಬಾರಿ ತುಕ್ಕು ಹಿಡಿದ ತಗಡುಗಳನ್ನು ಕಳುಹಿಸಿದ. ಅವನಿಗೆ ಕಟುವಾದ ಪತ್ರವೊಂದನ್ನು ಬರೆಯಲು ನನಗೆ ಅಪ್ಪಣೆಯಾಯಿತು. ಕಟುವಾಗಿ ಬರೆದು ನನಗೆ ಅಭ್ಯಾಸವಿರಲಿಲ್ಲ. ಅಪ್ಪ ಯಾರ್ಡಿನ ಹಮಾಲರ ಮೇಸ್ತ್ರಿಯಾದ ಮುಕಾದಮನನ್ನು ಬೈಯುವ ಧಾಟಿಯನ್ನು ಮನಸ್ಸಿಗೆ ತಂದುಕೊಂಡು, ಅದರೊಳಗಿನ ಅಶ್ಲೀಲವನ್ನು ಕಳೆದು, ಉಳಿದುದನ್ನು ಇಂಗ್ಲಿಷಿಗೆ ತಂದೆ. ಕೊನೆಯ ವಾಕ್ಯ ಹೀಗಿತ್ತು: ಎಂಟು ದಿನಗಳೊಳಗೆ ತಗಡುಗಳನ್ನು ಬದಲಿಸಿಕೊಡದಿದ್ದಲ್ಲಿ ನಾವು ಬೇರೆ ವ್ಯಾಪಾರಿಯನ್ನು ನೋಡಿಕೊಳ್ಳಬೇಕಾಗುವುದು.

ಮಧ್ಯಾಹ್ನ ಕರಡು ಹಿಂದಿರುಗಿತು. ಒಂದೂ ತಿದ್ದುಪಡಿಯಿರಲಿಲ್ಲ. ಕೊನೆಯ ವಾಕ್ಯದ ಮುಂದೆ ಮಾತ್ರ ಕೆಂಪು ಪೆನ್ಸಿಲಿನಲ್ಲಿ ಒಂದು ಪದವಿತ್ತು: ಗುಡ್.

ಇಂದು ಓದುವವರಿಗೆ ಇದರಲ್ಲಿ ಸಮಸ್ಯೆಯೇನೂ ಕಾಣಿಸಲಾರದು. ನನಗೆ ಮಾತ್ರ ಅದು ಹೊಗಳಿಕೆಯಾಗಿರಬಹುದೆಂಬ ಅನುಮಾನವೇ ಬರಲಿಲ್ಲ. ಹೊಗಳಿಕೆ ಬಂದರೆ ಹೇಗೆ ಬರುತ್ತದೆಂದು ನಾನು ಕಂಡಿರಲಿಲ್ಲ. ಕಾಗದದ ಮೇಲೆ, ಅದೂ ಕೆಂಪಿನಲ್ಲಿ ಬರುತ್ತದೆಂದು ಊಹಿಸಿರಲಿಲ್ಲ. ಹೆಡ್ ಕ್ಲಾರ್ಕರು ರಜೆಯ ಮೇಲೆ ಊರಿಗೆ ಹೋಗಿದ್ದರು. ಸಾಹೇಬರನ್ನೇ ಕೇಳೋಣವೆಂದರೆ, ಪದವೀಧರನಿಗೆ ಗುಡ್ ಎಂಬ ಪದ ತಿಳಿಯದೆಂದು ಅವರಿಗೆ ತಿಳಿದುಬಿಡುವ ಅಪಾಯವಿತ್ತು.

ಸಂಜೆಯ ಲೋಕಲಿನಲ್ಲಿ ಚೀಲದಿಂದ ನಿಘಂಟನ್ನು ತೆಗೆದೆ. ಅಷ್ಟು ಸಣ್ಣ ಪದಕ್ಕೆ ಒಂದೂವರೆ ಅಂಕಣದಷ್ಟು ಅರ್ಥಗಳಿದ್ದವು. ಸದ್ಗುಣಿಯಾದ, ಉಪಯುಕ್ತವಾದ, ಹಳಸದೆ ಉಳಿದ, ಚಲಾವಣೆಯಲ್ಲಿರುವ. ಕೊನೆಯಲ್ಲಿ, ಸಮ್ಮತಿ ಅಥವಾ ಸಮಾಧಾನ ಸೂಚಿಸಲು ಬಳಸುವ ಮಾತು. ಅಲ್ಲಿ ನನ್ನ ಬೆರಳು ನಿಂತಿತು. ನಮ್ಮ ಕಡೆ ಹಿರಿಯರು ಜಗಳ ಮುಗಿಸುವಾಗ ಟಾವೆಲ್ಲನ್ನು ಹೆಗಲಿಗೆ ಹಾಕಿಕೊಂಡು ‘ಚೊಲೋ ಆತು, ನೋಡೂನು’ ಎಂದು ಹೊರಟುಬಿಡುತ್ತಾರೆ. ಕೂಗಾಟಕ್ಕಿಂತ, ಒಳ್ಳೆಯದಾಯಿತು ಎಂಬರ್ಥದ ಆ ‘ಚೊಲೋ ಆತು’ ಹೆಚ್ಚು ಹೆದರಿಸುತ್ತದೆ. ಸಾಹೇಬರು ಬೆದರಿಕೆಗೆ ಅಂಥದೇ ಮುಕ್ತಾಯವನ್ನು ಕೊಟ್ಟಿದ್ದಾರೆಂದು ನಾನು ನಿರ್ಣಯಿಸಿದೆ. ದೊಡ್ಡವರ ಇಂಗ್ಲಿಷು ಎಷ್ಟು ಗಂಭೀರವಾಗಿರುತ್ತದೆಂದು ಬೆರಗಾದೆ.

ಆದರೂ ಊಟದ ಹೊತ್ತಿಗೆ, ಏನೂ ಆಗದವನಂತೆ, ಅಪ್ಪನನ್ನು ಕೇಳಿದೆ: “ನಿಮ್ಮ ಯಾರ್ಡಿನ್ಯಾಗ ಸಾಹೇಬ್ರು ಗುಡ್ ಅಂತಾರೇನಪ್ಪಾ?”

“ಅಂತಾರಲ್ಲ. ಯಾವಾಗ ಗುಡ್ ಅಂದ ಅಂದ್ರ ಇನ್ನೊಂದು ವ್ಯಾಗನ್ ಖಾಲಿ ಮಾಡಸ್ತಾನ ಅಂತ ತಿಳಿ.”

“ಮತ್ತ ಏನೂ ಅನ್ಲಿಲ್ಲಂದ್ರ?”

“ಆಗೂ ಮಾಡಸ್ತಾನ,” ಎಂದ ಅಪ್ಪ. “ಗುಡ್ ಅಂದ್ರ ನಕ್ಕೋತ ಮಾಡಸ್ತಾನ, ಅಷ್ಟ ಫರಕ.”

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ಹಂಗಾರ ನಾನೂ ನಿಮಗ ಗುಡ್ ಅಂತೀನಿ, ನಳಕ್ಕ ಹೋಗಿ ಎರಡು ಕೊಡ ನೀರು ತರ್ರಿ,” ಎಂದಳು. ಅಪ್ಪ ನಿಜವಾಗಿಯೂ ಎದ್ದು ಹೋದ.

ಮರುದಿನ ಪತ್ರವನ್ನು ಟೈಪ್ ಮಾಡಿದೆ. ಕೊನೆಯ ವಾಕ್ಯದ ನಂತರ ಒಂದು ಸಾಲು ಬಿಟ್ಟು, ಮುಕ್ತಾಯಕ್ಕೆ ಒಪ್ಪುವಂತೆ ಪ್ರತ್ಯೇಕವಾಗಿ ಕೂರಿಸಿದೆ: ಗುಡ್. ಸಾಹೇಬರು ಸಹಿ ಹಾಕಿದರು. ಪತ್ರ ಕಳಂಬೋಲಿಗೆ ಹೋಯಿತು.

ಐದನೆಯ ದಿನ ಕಚೇರಿಯ ಮುಂದೆ ಟೆಂಪೊ ಒಂದು ಬಂದು ನಿಂತಿತು. ಅದರಲ್ಲಿ ಎಣ್ಣೆಯ ಹೊಳಪಿನ ಹೊಸ ತಗಡುಗಳು. ಚಾಲಕನ ಪಕ್ಕದಲ್ಲಿ ಸ್ವತಃ ವ್ಯಾಪಾರಿ. ಐವತ್ತು ದಾಟಿದ ದಪ್ಪ ಮನುಷ್ಯ. ಕೈಯಲ್ಲಿ ನಮ್ಮ ಪತ್ರ ಹಿಡಿದು ನೇರವಾಗಿ ಸಾಹೇಬರ ಕೋಣೆಗೆ ನುಗ್ಗಿದ. ರಜೆ ಮುಗಿಸಿ ಅಂದೇ ಬಂದಿದ್ದ ಹೆಡ್ ಕ್ಲಾರ್ಕರೂ ಅವನ ಹಿಂದೆ ಒಳಹೊಕ್ಕರು. ಬಾಗಿಲು ತೆರೆದೇ ಇತ್ತು.

“ಸಾಬ್, ಗಾಲಿ ದೇನೇ ಕಾ ಥಾ ತೋ ಸೀಧಾ ಗಾಲಿ ದೇತೇ! ಯೇ ಗುಡ್ ಕಾಯ್ಕೋ?”

ಬೈಯುವುದಿದ್ದರೆ ನೇರವಾಗಿ ಬೈಯಬಾರದೇ, ಈ ಗುಡ್ ಎಂಬುದು ಏತಕ್ಕೆ ಎಂಬುದು ಅವನ ಅಳಲು. ಇಷ್ಟು ವರ್ಷಗಳ ವ್ಯಾಪಾರದಲ್ಲಿ ಯಾರೂ ತನ್ನನ್ನು ಹೀಗೆ ಅಣಕಿಸಿರಲಿಲ್ಲವಂತೆ. ಪತ್ರವನ್ನು ಮಗನಿಂದ ಓದಿಸಿದನಂತೆ, ಪಕ್ಕದ ಅಂಗಡಿಯವನಿಂದ ಓದಿಸಿದನಂತೆ. ಇಬ್ಬರೂ, ಹೀಗೆ ಬರೆಯುವವರು ಸುಮ್ಮನಿರುವ ಪೈಕಿಯಲ್ಲ, ಕೋರ್ಟಿಗೇ ಹೋಗುವವರು ಎಂದರಂತೆ. ಅದಕ್ಕೇ ಮಾಲು ಬದಲಿಸಲು ತಾನೇ ಬಂದಿದ್ದಾನೆ.

ಸಾಹೇಬರು ಪತ್ರವನ್ನು ಓದಿದರು. ತಮ್ಮ ಸಹಿಯನ್ನೂ ನೋಡಿದರು. ಆಮೇಲೆ ಕರಡನ್ನು ತರಲು ನನಗೆ ಹೇಳಿದರು. ಕಡತದಿಂದ ಅದನ್ನು ಒಂದೇ ಸಲಕ್ಕೆ ಹೊರತೆಗೆದೆ. ನನ್ನ ಕಡತಗಳು ಸದಾ ಕ್ರಮದಲ್ಲಿರುತ್ತಿದ್ದವು. ತಮ್ಮದೇ ಕೆಂಪು ಅಕ್ಷರಗಳ ಮೇಲೆ ಅವರು ಬೆರಳಿಟ್ಟರು.

“ಇದು ಪಾರ್ಟಿಗೆ ಬರೆದದ್ದಲ್ಲ,” ಎಂದರು ಇಂಗ್ಲಿಷಿನಲ್ಲಿ. “ನಿಮಗೆ ಬರೆದದ್ದು.”

“ನನಗೇ, ಸರ್?”

“ಕರಡು ಚೆನ್ನಾಗಿತ್ತು. ಅದಕ್ಕೆ ಬರೆದೆ.”

ನಾನು “ಕ್ಷಮಿಸಬೇಕು, ಸರ್,” ಎಂದೆ. ನನ್ನ ಜೀವನದಲ್ಲಿ ಇಂಗ್ಲಿಷಿನಲ್ಲಿ ದೊರೆತ ಮೊದಲ ಹೊಗಳಿಕೆಗೆ ನಾನು ಕೊಟ್ಟ ಉತ್ತರ ಇದು. ಹೆಡ್ ಕ್ಲಾರ್ಕರು ಕಿಟಕಿಯ ಕಡೆ ತಿರುಗಿ ನಿಂತರು. ಅವರ ಭುಜಗಳು ಕುಲುಕುತ್ತಿದ್ದವು. ವಿಷಯ ಅರ್ಥವಾದ ವ್ಯಾಪಾರಿ ಕುರ್ಚಿಯನ್ನು ಎಳೆದು ಕುಳಿತು ಕಣ್ಣೀರು ಬರುವಷ್ಟು ನಕ್ಕ. ಹೊಸ ತಗಡು ತಂದಿದ್ದೇನೆ, ಹಾಗಿದ್ದರೆ ನನಗೂ ಒಂದು ಗುಡ್ ಬರೆದುಕೊಡಿ ಎಂದ. ಸಾಹೇಬರು ಮಾತ್ರ ನಗಲಿಲ್ಲ. ಕರಡನ್ನು ಮಡಚಿ ಮೇಜಿನ ಡ್ರಾಯರಿನಲ್ಲಿಟ್ಟುಕೊಂಡರು. ನನ್ನ ಹೊಗಳಿಕೆ ಹಾಗೆ ಅವರ ಡ್ರಾಯರಿನಲ್ಲೇ ಉಳಿಯಿತು.

ಹೊರಗೆ ಬಂದ ಮೇಲೆ ಹೆಡ್ ಕ್ಲಾರ್ಕರು ಕನ್ನಡಕ ಒರೆಸಿಕೊಳ್ಳುತ್ತ, “ಎಂತ ಜನ ಮಾರಾಯ ನೀನು! ಸ್ವಲ್ಪ ತಲೆ ಓಡಿಸ್ಲಿಕ್ಕಾಗ್ಲಿಲ್ವಾ?” ಎಂದರು.

“ಓಡಿಸಬೇಡ ಅಂತ ನೀವೇ ಹೇಳಿದ್ರಿ, ಸರ್.”

“ಹೇಳಿದ್ದು ಹೌದು. ಇಷ್ಟು ಕೇಳ್ತಿ ಅಂತ ಯಾರಿಗೆ ಗೊತ್ತಿತ್ತು?” ಆಮೇಲೆ ಸ್ವರ ತಗ್ಗಿಸಿದರು. “ಎಷ್ಟು ದಿನ ಉಂಟು ನಿಂದು?”

ಪರೀಕ್ಷಾವಧಿ ಮುಗಿಯಲು ಹನ್ನೆರಡು ದಿನಗಳಿದ್ದವು. ಆ ಹನ್ನೆರಡು ದಿನಗಳಲ್ಲಿ ಸಾಹೇಬರು ನನ್ನ ಯಾವ ಕರಡಿನ ಮೇಲೂ ಬೇಕಾದುದಕ್ಕಿಂತ ಒಂದು ಚುಕ್ಕಿಯನ್ನೂ ಹೆಚ್ಚಿಗೆ ಇಡಲಿಲ್ಲ. ಮನೆಯಲ್ಲಿ ನಾನು ಏನನ್ನೂ ಹೇಳಲಿಲ್ಲ. ಅಪ್ಪ ಮಾತ್ರ ಒಂದು ಬೆಳಿಗ್ಗೆ ಲೋಕಲಿನಲ್ಲಿ, ಕಿಟಕಿಯ ಹೊರಗೆ ನೋಡುತ್ತ, “ಮುಕಾದಮಗ ಹೇಳೀನಿ. ಮುಂದಿನ ತಿಂಗಳಾ ಬ್ಯಾರೆ ಮನಶಾನ್ನ ನೋಡ್ಕೊ ಅಂದೀನಿ,” ಎಂದ. ಎದುರು ದಿಕ್ಕಿನ ಲೋಕಲಿನಲ್ಲಿ ಸಿಕ್ಕ ಸುಖಾಸನದ ಮೇಲೆ ಕುಳಿತೇ ನಾನು ಬೆವತುಹೋದೆ.

ಕೊನೆಯ ದಿನ ಮಧ್ಯಾಹ್ನದವರೆಗೂ ಕರೆ ಬರಲಿಲ್ಲ. ಚಹಾದ ಹೊತ್ತಿಗೆ ಸಾಹೇಬರು ಒಳಗೆ ಕರೆದು, ಟೈಪ್ ಮಾಡಿ ತರಲು ಒಂದು ಕಾಗದವನ್ನು ಕೊಟ್ಟರು. ಈ ಬಾರಿ ಕರಡು ಅವರದೇ ಕೈಬರಹದಲ್ಲಿತ್ತು. ನನ್ನ ಮೇಜಿಗೆ ಬಂದು, ಯಂತ್ರಕ್ಕೆ ಹಾಳೆಯನ್ನು ಏರಿಸಿ, ವಿಳಾಸದ ಸಾಲನ್ನು ನೋಡಿದರೆ ನನ್ನ ಹೆಸರೇ ಇತ್ತು. ಕೆಳಗೆ ಎರಡು ವಾಕ್ಯಗಳು: ಪರೀಕ್ಷಾವಧಿ ಮುಗಿದಿರುತ್ತದೆ, ಇಂದಿನಿಂದ ನಿಮ್ಮನ್ನು ಕಾಯಂಗೊಳಿಸಲಾಗಿದೆ. ಅದರ ಕೆಳಗೆ ಕೆಂಪು ಪೆನ್ಸಿಲಿನಲ್ಲಿ: ಗುಡ್. ಅದರ ಪಕ್ಕದಲ್ಲಿ, ಇನ್ನೂ ಸಣ್ಣ ಅಕ್ಷರಗಳಲ್ಲಿ, ಅಡಿಗೆರೆ ಎಳೆದು: ಇದನ್ನು ಟೈಪ್ ಮಾಡತಕ್ಕದ್ದಲ್ಲ.

ನಾನು ಟೈಪ್ ಮಾಡಲಿಲ್ಲ. ಸಹಿಯಾದ ಪತ್ರದ ಜೊತೆಗೆ ಆ ಕರಡನ್ನೂ ಕೇಳಿ ಪಡೆದು ಮನೆಗೆ ಒಯ್ದೆ. ಸಹಿಯಾದುದಕ್ಕೆ ಅವ್ವ ಕುಂಕುಮ ಹಚ್ಚಿದಳು, ನಾನು ತಡೆಯಲಿಲ್ಲ. ಆಗಷ್ಟೇ ಯಾರ್ಡಿನಿಂದ ಬಂದು ಕೊಕ್ಕೆಯನ್ನೂ ಕೆಳಗಿಡದ ಅಪ್ಪ ಇನ್ನೊಂದು ಕೈಯಲ್ಲಿ ಕರಡನ್ನು ಹಿಡಿದು, “ಇದೇನಿದು ಕೆಂಪಂದು?” ಎಂದು ಕೇಳಿದ.

“ಸಾಹೇಬ್ರು ಗುಡ್ ಅಂತ ಬರದಾರಪ್ಪಾ.”

ಅಪ್ಪ ಗಾಬರಿಯಾದ. “ಅಯ್ಯ, ಹಂಗಾರ ನಾಳೆ ಎಷ್ಟು ವ್ಯಾಗನ್ ಐತಂತ?”

ಅವ್ವ ನಗುತ್ತಲೇ ಅವನ ಕೈಯಿಂದ ಕೊಕ್ಕೆಯನ್ನು ಕಿತ್ತುಕೊಂಡು ಗೂಟಕ್ಕೆ ಹಾಕಿದಳು. ಹಾಕಿದ ಮೇಲೆ ಅಷ್ಟು ಗಟ್ಟಿಯಾದ ವಸ್ತು ಸುಮ್ಮನೆ ತೂಗುವುದು ಅವಳ ಮನಸ್ಸಿಗೆ ಒಪ್ಪಲಿಲ್ಲ. ಉಳ್ಳಾಗಡ್ಡಿಯ ಚೀಲವನ್ನು ತಂದು ಅದಕ್ಕೆ ಸಿಕ್ಕಿಸಿದಳು. ಅಪ್ಪ ದೂರ ಸರಿದು ನಿಂತು ಚೀಲವನ್ನು ನೋಡಿದ, ಕೊಕ್ಕೆಯನ್ನು ನೋಡಿದ, ಒಮ್ಮೆ ನನ್ನನ್ನೂ ನೋಡಿದ. ಬಲ ಭುಜವನ್ನು ಎಡಗೈಯಿಂದ ನಿಧಾನವಾಗಿ ಉಜ್ಜಿಕೊಂಡ.

“ಅಡ್ಡಿಯಿಲ್ಲ,” ಎಂದ.

ಮೂರರಲ್ಲಿ ಯಾವುದಕ್ಕೆಂದು ನಾನು ಕೇಳಲಿಲ್ಲ.