ವಿಮಾನದ ಗಾಳಿ ಪೈಪು

ನನ್ನ ಹೆಂಡತಿ ಕೊಟ್ಟ ಗಡುವು ಸರಳವಾಗಿತ್ತು. ಭಾನುವಾರ ವಿಮಾನ ಹಾರಬೇಕು. ಹಾರದಿದ್ದರೆ ಸೋಮವಾರ ಗುಜರಿಯವನ ಗಾಡಿಗೆ. ನಾನು ಒಪ್ಪಿಕೊಂಡೆ. ಒಪ್ಪದೆ ಬೇರೆ ದಾರಿ ಇರಲಿಲ್ಲ.

ತಪ್ಪು ನನ್ನದೇ. ಕನಕಪುರದ ಕಡೆ ರೇಷ್ಮೆಹುಳು ಸಾಕುವ ಮನೆಯಲ್ಲಿ ಕೂತು ಯಾರಾದರೂ ರಿಮೋಟಿನ ವಿಮಾನ ಕಟ್ಟುತ್ತಾರೆಯೇ? ಅದಕ್ಕೆ ಹಾಕುವ ಎಣ್ಣೆ ಮೆಥನಾಲು, ಹರಳೆಣ್ಣೆ ಬೆರೆಸಿದ್ದು, ವಾಸನೆ ಮೂಗಿಗೆ ಬಡಿಯುತ್ತದೆ. ಹುಳುವಿಗೆ ವಾಸನೆ ಆಗದು. ನಮ್ಮಲ್ಲಿ ಹುಳು ಜ್ವರಕ್ಕೆ ಕೂತರೆ, ಅಂದರೆ ಪೊರೆ ಕಳಚಲು ಮೇವು ಬಿಟ್ಟು ತಲೆಯೆತ್ತಿ ಕೂತರೆ, ಒಗ್ಗರಣೆಗೆ ಬೆಳ್ಳುಳ್ಳಿಯೂ ಬೀಳುವುದಿಲ್ಲ. ನನಗೆ ಜ್ವರ ಬಂದಾಗ ಇಷ್ಟು ಮರ್ಯಾದೆ ಸಿಕ್ಕಿದ್ದು ನೆನಪಿಲ್ಲ.

ಶನಿವಾರ ಸಂಜೆ ಹುಳುವಿನ ಮನೆಯ ಪಕ್ಕದ ಕೋಣೆಯಲ್ಲಿ ಕೊನೆಯ ಕೆಲಸ ಮುಗಿಸಿದೆ. ಟ್ಯಾಂಕು ಅಂಗೈಯಷ್ಟು, ಅದಕ್ಕೆ ಎರಡು ಪೈಪು. ಒಂದು ಎಂಜಿನ್ನಿಗೆ. ಅದರ ಒಳತುದಿಯಲ್ಲಿ ಸಣ್ಣ ಹಿತ್ತಾಳೆ ಗುಂಡು. ವಿಮಾನ ಹೇಗೆ ವಾಲಿದರೂ ಗುಂಡು ಎಣ್ಣೆ ಇದ್ದ ಕಡೆಗೆ ಉರುಳುತ್ತದೆ. ಅದು ಟ್ಯಾಂಕಿನ ಗೋಡೆಗೆ ಅಂಟದ ಹಾಗೆ ಪೈಪು ಕತ್ತರಿಸುವುದಕ್ಕೇ ಮೂರು ಸಂಜೆ ಹಿಡಿಯಿತು. ಇನ್ನೊಂದು ಪೈಪು ವಿಮಾನದ ಹೊಟ್ಟೆಯ ಕೆಳಗೆ ಬಾಯಿ ತೆರೆದುಕೊಂಡಿರಬೇಕು, ಎಣ್ಣೆ ಖಾಲಿಯಾದಷ್ಟೂ ಗಾಳಿ ಒಳಗೆ ಹೋಗಲು. ಹೆಂಡತಿಗೆ ಗುಂಡಿನ ಮಹಿಮೆಯನ್ನು ಬಿಡಿಸಿ ಹೇಳಿದೆ. ಗಾಳಿ ಪೈಪಿಗೆ ಬರುವಷ್ಟರಲ್ಲಿ ಅವಳು ಹುಳು ನೋಡಲು ಎದ್ದುಹೋದಳು. ಉತ್ಸಾಹದಲ್ಲಿ ಆಗಲೇ ಎಣ್ಣೆಯನ್ನೂ ತುಂಬಿಸಿಟ್ಟೆ.

ಬೆಳಿಗ್ಗೆ ಇಬ್ಬರೂ ಕಬ್ಬಾಳಿನ ದಾರಿಯಲ್ಲಿರುವ ನಮ್ಮ ರಾಗಿ ಕುಯ್ದ ಹೊಲಕ್ಕೆ ಹೋದೆವು. ಪಕ್ಕದ ಹೊಲದ ಗೆಳೆಯನೂ ಬಂದು ನಿಂತ. ಎಂಜಿನ್ನು ಮೊದಲ ತಿರುವಿಗೇ ಚಾಲೂ ಆಯಿತು. ವಿಮಾನ ಓಡಿತು, ಎದ್ದಿತು, ಅರ್ಧ ಸುತ್ತು ಹೊಡೆಯಿತು. ನನ್ನ ಎದೆ ಉಬ್ಬುವಷ್ಟರಲ್ಲಿ ಎಂಜಿನ್ನು ಕೆಮ್ಮಿ ನಿಂತಿತು. ವಿಮಾನ ಸದ್ದಿಲ್ಲದೆ ಜಾರಿ ಹುಲ್ಲಿನ ಮೆದೆಗೆ ಮೂಗು ತೂರಿಸಿತು.

"ಏನ್ಲಾ, ನಿನ್ ಇಮಾನ ಮೇಯಕ್ಕೆ ಇಳೀತಾ?" ಅಂದ ಗೆಳೆಯ.

ಮೈಯೆಲ್ಲ ಉರಿಯಿತು. ಎಂಜಿನ್ ಮಾರಿದವನನ್ನು ಬೈದೆ, ಎಣ್ಣೆಯನ್ನು ಬೈದೆ, ಗೆಳೆಯನನ್ನೂ ಬಿಡಲಿಲ್ಲ. "ನನ್ ಕೆಲ್ಸದಲ್ಲಿ ತಪ್ಪಿಲ್ಲ ಕಣ್ಲಾ. ಯಾರೋ ಕೈ ಹಾಕವ್ರೆ," ಅಂದೆ. ಮೆದೆಯಿಂದ ಎಳೆದು ತಿರುಗಿಸಿದರೆ, ಗಾಳಿ ಪೈಪಿನ ತುದಿಯನ್ನು ಯಾರೋ ಮಡಚಿ ಹೂ ಕಟ್ಟುವ ಬಿಳಿ ದಾರದಿಂದ ಬಿಗಿದಿದ್ದರು. ಗಾಳಿ ಹೋಗದೆ ಟ್ಯಾಂಕಿನಿಂದ ಎಣ್ಣೆ ಬರುವುದು ನಿಂತಿತ್ತು. ಹಾರಿಸುವ ಮೊದಲು ಬಗ್ಗಿ ಹೊಟ್ಟೆಯ ಕೆಳಗೆ ನೋಡದ ಮಹಾನುಭಾವ ನಾನೇ.

ಹೆಂಡತಿ ಮುಂದೆ ಬಂದಳು. "ನಾನ್ ಹಾಕಿದ್ ಗಂಟೇಯ. ಪೈಪಿಂದ ಎಣ್ಣೆ ತೊಟ್ಟಿಕ್ತಿತ್ತು, ವಾಸ್ನೆ ಹುಳದ್ ಮನೆ ತಕ ಬತ್ತಿತ್ತು. ಅದ್ಕೇ ಕಟ್ಬುಟ್ಟೆ."

ಈಗ ಬೈಯಲು ನನಗೆ ಪೂರ್ತಿ ಹಕ್ಕಿತ್ತು. ಬಾಯಿ ತೆರೆಯುವ ಮೊದಲೇ ಅವಳು ವಿಮಾನವನ್ನು ತೊಡೆಯ ಮೇಲಿಟ್ಟುಕೊಂಡು ಕೂತು, ಉಗುರಿನಿಂದ ಗಂಟು ಬಿಚ್ಚತೊಡಗಿದಳು. ಗುಜರಿಯ ಮಾತು ಎತ್ತಲಿಲ್ಲ. ದಾರವನ್ನು ಬೆರಳಿಗೆ ಸುತ್ತಿಕೊಂಡು, "ಇನ್ನೊಂದ್ಸಲ ಬುಡಿ," ಅಂದಳು.

ಬಿಟ್ಟೆ. ವಿಮಾನ ಮೇಲೆ ಹೋಗಿ ಹೊಲದ ಸುತ್ತ ತಿರುಗಿತು, ಮತ್ತೆ ಮತ್ತೆ ತಿರುಗಿತು. ನನಗೆ ಕಣ್ಣು ತುಂಬಿ ಬಂತು. ಎಣ್ಣೆ ಮುಗಿಯುವ ಹೊತ್ತಾಯಿತೆಂದು ಇಳಿಸಲು ಹೊರಟೆ. ಜ್ವರಕ್ಕೆ ಕೂತ ಹುಳುವಿನ ಹಾಗೆ ತಲೆಯೆತ್ತಿ ನಿಂತಿದ್ದ ಹೆಂಡತಿ ನನ್ನ ತೋಳು ಹಿಡಿದಳು.

"ಇಳಿಸ್ಬ್ಯಾಡ್ರೀ. ಒಸಿ ಇರ್ಲಿ."

ಎಣ್ಣೆ ಇಲ್ಲ ಅಂತ ನಾನು ಹೇಳಲಿಲ್ಲ. ಇನ್ನೊಂದು ಸುತ್ತು ಹೊಡೆಸಿದೆ. ವಿಮಾನ ಹೋಗಿ ಮತ್ತೆ ಅದೇ ಮೆದೆಗೆ ಬಿತ್ತು.