ಅಕ್ಕನ ಕಾಲು, ತಮ್ಮನ ಕೈ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೋಟೆಲಿನ ಊಟದ ಹಾಲಿನಲ್ಲಿ ಕುರ್ಚಿಗಳೆಲ್ಲ ಮೇಜುಗಳ ಮೇಲೆ ತಲೆಕೆಳಗಾಗಿ ಕೂತಿವೆ. ಮೂಲೆಯಲ್ಲಿ ಒಂದು ದೀಪ, ಅದರ ಕೆಳಗೆ ಬೀರುವಿನಷ್ಟು ಭಾರದ ಹಳೆಯ ಎಲೆಕ್ಟ್ರಿಕ್ ಆರ್ಗನ್. ಅರವತ್ತು ದಾಟಿದವರೊಬ್ಬರು ಸ್ವಿಚ್ ಒತ್ತಿ, ಕೈಕಟ್ಟಿ ಕಾಯುತ್ತಾರೆ. ಒಳಗಿನ ಚಕ್ರಗಳು ಗುರ್ರೆಂದು ತಿರುಗಿ ಹದಕ್ಕೆ ಬರಬೇಕು. "ಇದಕ್ಕೆ ನನಗಿಂತ ಜಾಸ್ತಿ ವಯಸ್ಸು. ಎಬ್ಬಿಸಿದ ತಕ್ಷಣ ಮಾತಾಡಿಸಿದ್ರೆ ಸಿಡುಕತ್ತೆ," ಎನ್ನುತ್ತಾರೆ.

ಇವರು ಜಾಝ್ ಆರ್ಗನ್ ವಾದಕರು. ಹೋಟೆಲಿನವರಿಗೆಲ್ಲ 'ಮೇಷ್ಟ್ರು'. ಯಾರಿಗೂ ಪಾಠ ಹೇಳಿಕೊಟ್ಟವರಲ್ಲ, ಮುಖ ಹಾಗಿದೆ ಅಷ್ಟೇ. ಸಂಜೆ ಊಟಕ್ಕೆ ಬರುವವರು ಇವರ ಸಂಗೀತದ ನಡುವೆಯೇ ಹರಟುತ್ತಾರೆ, ನಗುತ್ತಾರೆ, ತಿರುಗಿಯೂ ನೋಡದೆ ಎದ್ದು ಹೋಗುತ್ತಾರೆ. ಇಂಥ ಎಲೆಮರೆಯ ಕಾಯಿಗಳ ಬಗ್ಗೆ ಬರೆಯುವುದೇ ನನ್ನ ಕೆಲಸ. ಒಬ್ಬ ಮನುಷ್ಯ, ಒಂದು ವಾದ್ಯ, ಇದರಲ್ಲಿ ಗೊಂದಲಕ್ಕೆ ಏನಿದೆ ಅಂದುಕೊಂಡೇ ಬಂದಿದ್ದೇನೆ.

ಮೇಷ್ಟ್ರು ನುಡಿಸಲು ಶುರುಮಾಡುತ್ತಾರೆ. ಬಲಗೈ ಹಗುರಾಗಿ ಆಡುತ್ತದೆ. ಕೆಳಗಿನಿಂದ ದಪ್ಪ ಸ್ವರಗಳು ಒಂದರ ಹಿಂದೊಂದು, ಅವಸರವಿಲ್ಲದೆ ನಡೆದುಬರುತ್ತವೆ. ಒಂದು ಕಡೆ ಆ ನಡೆ ಎಡವಿದಂತಾಗುತ್ತದೆ. ಆದರೆ ಬಲಗೈ ಥಟ್ಟನೆ ಮೇಲಕ್ಕೆ ಹಾರಿ ಎಲ್ಲವನ್ನೂ ಎತ್ತಿಕೊಂಡು ಬಿಡುತ್ತದೆ. ಆ ಎಡವಿದ ಜಾಗವೇ ನನಗೆ ತುಂಬ ಇಷ್ಟವಾಗುತ್ತದೆ.

ಈ ದಪ್ಪ ಸ್ವರಗಳನ್ನು ನುಡಿಸುವುದು ಕಾಲಿನಿಂದ, ಬೆಂಚಿನ ಕೆಳಗೆ ಸಾಲಾಗಿ ಮಲಗಿರುವ ಮರದ ಪಟ್ಟಿಗಳನ್ನು ತುಳಿಯಬೇಕು ಎಂದು ಓದಿಕೊಂಡು ಬಂದಿದ್ದೆ. ಬಗ್ಗಿ ನೋಡುತ್ತೇನೆ. ಮೇಷ್ಟ್ರ ಬಲಗಾಲು ಸದ್ದು ಏರಿಸಿ ಇಳಿಸುವ ಪೆಡಲಿನ ಮೇಲಿದೆ. ಎಡಗಾಲು ಬೆಂಚಿನ ಕಾಲಿಗೆ ಸುತ್ತಿಕೊಂಡು ಗೊರಕೆ ಹೊಡೆಯುತ್ತಿದೆ. ಹಾಗಾದರೆ ಕೆಳಗೆ ನಡೆಯುತ್ತಿರುವವರು ಯಾರು?

ಬೆಂಚಿನ ಎಡತುದಿಯಲ್ಲಿ ಶಾಲು ಹೊದ್ದ ಹಿರಿಯ ಹೆಂಗಸೊಬ್ಬರು ಕೂತಿದ್ದಾರೆ. ಜೊತೆಗೆ ಬಂದವರಿರಬೇಕೆಂದು ನಾನು ಮಾತನ್ನೂ ಆಡಿಸಿರಲಿಲ್ಲ. ಕೈಗಳು ಮಡಿಲಲ್ಲಿ, ಮುಖ ಬಸ್ಸಿಗೆ ಕಾಯುವವರದು. ಆದರೆ ಕಾಲ್ಚೀಲ ತೊಟ್ಟ ಅವರ ಪಾದಗಳು ಕೆಳಗೆ ಪಟ್ಟಿಯಿಂದ ಪಟ್ಟಿಗೆ ಸರಿದಾಡುತ್ತಿವೆ. ನಾನು ಕಣ್ಣುಕಣ್ಣು ಬಿಡುತ್ತೇನೆ.

"ನಮ್ಮಕ್ಕ," ಎನ್ನುತ್ತಾರೆ ಮೇಷ್ಟ್ರು, ನುಡಿಸುತ್ತಲೇ.

"ನೀವು ಆರ್ಗನ್ ನುಡಿಸ್ತೀರಾ?" ಎಂದು ಅಕ್ಕನನ್ನು ಕೇಳುತ್ತೇನೆ.

"ಅಯ್ಯೋ, ನಾನೆಲ್ಲಿ? ಅವನು ನುಡಿಸ್ತಾನೆ. ನಾನು ಪಕ್ಕದಲ್ಲಿ ಕೂತ್ಕೋತೀನಿ."

ಇವರ ಅಪ್ಪ ಒಂದು ನೃತ್ಯದ ಹಾಲಿನಲ್ಲಿ ಮರದ ನೆಲಕ್ಕೆ ಮೇಣ ತಿಕ್ಕುವ ಕೆಲಸದವರು. ಬೆಳಗಿನ ಹೊತ್ತು ಮಕ್ಕಳಿಬ್ಬರನ್ನೂ ಕರೆದುಕೊಂಡು ಹೋಗಿ ಆರ್ಗನ್ನಿನ ಬೆಂಚಿನ ಮೇಲೆ ಕೂರಿಸುತ್ತಿದ್ದರು, ಒದ್ದೆ ನೆಲ ತುಳಿಯದಿರಲಿ ಅಂತ. ತಮ್ಮನ ಕೈಗೆ ಸಂಗೀತ ಬಂತು, ಕಾಲು ಮಾತ್ರ ಕೆಳಗೆ ಎಟುಕುತ್ತಿರಲಿಲ್ಲ. ಅಕ್ಕನ ಕಾಲು ಎಟುಕುತ್ತಿತ್ತು. ಒಮ್ಮೆ ಜಾಝ್ ತಂಡದ ಯಜಮಾನ ಕೇಳಿಸಿಕೊಂಡು, ಹುಡುಗನನ್ನು ತಂಡಕ್ಕೆ ಸೇರಿಸಿಕೊಂಡ. ಹುಡುಗನ ಜೊತೆ ಅಕ್ಕನೂ ಬಂದಳು, ಅವಳನ್ನು ಯಾರೂ ಕೇಳಲಿಲ್ಲ.

ಆಮೇಲೆ ತಮ್ಮ ಉದ್ದವಾದ. ಆಗಲಾದರೂ ಅಕ್ಕ ಏಳಬಹುದಿತ್ತಲ್ಲ?

"ಕಾಲು ಬೆಳೀತು, ಅದಕ್ಕೆ ಬುದ್ಧಿ ಬೆಳೀಲಿಲ್ಲ," ಎಂದು ಮೇಷ್ಟ್ರು ನಗುತ್ತಾರೆ. "ಎದ್ದೇಳೇ ಅಂತ ಅವಳಿಗೆ ಹೇಗೆ ಹೇಳ್ಲಿ? ಬೇಜಾರಾಗಲ್ವಾ?"

"ಹೇಳಿದ್ರೆ ಎದ್ದಿರ್ತಿದ್ದೆ," ಎನ್ನುತ್ತಾರೆ ಅಕ್ಕ. "ನಾನೇ ಎದ್ರೆ ಇವನಿಗೆ ಬೇಜಾರಾಗತ್ತೆ ಅಂತ ಕೂತಿದ್ದೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ನಲವತ್ತು ವರ್ಷದ ಮೇಲಾದರೂ ಈ ಮಾತು ಇಬ್ಬರ ನಡುವೆ ಬಂದೇ ಇಲ್ಲವೆಂದು ಕಾಣುತ್ತದೆ. ಅಕ್ಕನಿಗೆ ಮದುವೆಯಾಯಿತು, ಮಕ್ಕಳಾದರು, ಸಂಜೆಯಾದರೆ ಬೆಂಚು ತಪ್ಪಲಿಲ್ಲ. ಹೆಂಡತಿ ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಏನು ಹೇಳಲಿ ಎಂದು ಗಂಡ ಒದ್ದಾಡುತ್ತಿದ್ದರಂತೆ. "ಕಾಲಿನ ಕೆಲಸ ಅನ್ನಿ ಅಂದೆ. ಅವರ ಸ್ನೇಹಿತರು ನಾನು ಹೊಲಿಗೆ ಮಷೀನ್ ತುಳೀತೀನಿ ಅಂದ್ಕೊಂಡ್ರು!"

ಜಾಝ್‌ನಲ್ಲಿ ಇಂದು ನುಡಿಸಿದ್ದು ನಾಳೆ ಹಾಗೆಯೇ ಬರುವುದಿಲ್ಲ, ಅಲ್ಲಲ್ಲೇ ಹುಟ್ಟಿಸಿಕೊಂಡು ಹೋಗಬೇಕು. ಹಾಗಾದರೆ ದಾರಿ ತೋರಿಸುವವರು ಯಾರು? "ನಾನು ಅವಳ ಕಾಲಿನ ಹಿಂದೆ ಹೋಗ್ತೀನಿ," ಎನ್ನುತ್ತಾರೆ ತಮ್ಮ. "ಸುಳ್ಳು. ನಾನು ಇವನ ಕೈ ಹಿಂದೆ ಹೋಗ್ತೀನಿ," ಎನ್ನುತ್ತಾರೆ ಅಕ್ಕ. ಹಾಗಿದ್ದರೆ ಮುಂದೆ ಯಾರೂ ಇಲ್ಲವಲ್ಲ! ಫೋಟೋ ಯಾರದು ತೆಗೆಯಬೇಕು, ಮುಖದ್ದೋ ಪಾದದ್ದೋ, ನನಗೆ ತಲೆಬುಡ ತಿಳಿಯುವುದಿಲ್ಲ.

ಇಷ್ಟು ಬೆಳಗ್ಗೆ ಇವರು ಇಲ್ಲಿಗೆ ಬಂದಿರುವುದಕ್ಕೂ ಕಾರಣವಿದೆ. ಅಕ್ಕನ ಮಂಡಿ ಸವೆದಿದೆ. ಸೋಮವಾರ ಆಪರೇಷನ್. ಆಮೇಲೆ ಈ ಪಟ್ಟಿಗಳನ್ನು ತುಳಿಯುವ ಮಾತೇ ಬೇಡ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ. ಮೇಷ್ಟ್ರು ಒಬ್ಬರೇ ನುಡಿಸಬಲ್ಲರಾದರೆ ಸರಿ, ಇಲ್ಲವಾದರೆ ಆರ್ಗನ್ ಸಾಗಿಸಿ ಆ ಜಾಗಕ್ಕೆ ಎರಡು ಮೇಜು ಹಾಕುವುದು ಮ್ಯಾನೇಜರರ ಲೆಕ್ಕಾಚಾರ. ಮೇಷ್ಟ್ರು ತಿಂಗಳಿನಿಂದ ಗುಟ್ಟಾಗಿ ಕಾಲು ಪಳಗಿಸುತ್ತಿದ್ದಾರೆ. ಇಂದು ಪರೀಕ್ಷೆ. ಮ್ಯಾನೇಜರರು ಬಾಗಿಲಲ್ಲಿ ಬೀಗದ ಕೈ ಆಡಿಸುತ್ತ ನಿಂತಿದ್ದಾರೆ.

ಅಕ್ಕ ಬೆಂಚಿನಿಂದ ಏಳುತ್ತಾರೆ. ಕಂಬದ ಪಕ್ಕದ ಮೇಜಿನ ಕುರ್ಚಿಗಳನ್ನು ನಾನು ಇಳಿಸಿಕೊಡುತ್ತೇನೆ. ಮೇಷ್ಟ್ರು ನಡುಬೆಂಚಿಗೆ ಸರಿಯುತ್ತಾರೆ, ಎಡಕ್ಕೆ ನೋಡುತ್ತಾರೆ, ಖಾಲಿ ಜಾಗ. ಅದೇ ಹಾಡನ್ನು ಎತ್ತಿಕೊಳ್ಳುತ್ತಾರೆ. ಎಡಗಾಲು ಕತ್ತಲಲ್ಲಿ ಮೆಟ್ಟಿಲು ತಡವುವಂತೆ ತಡವುತ್ತದೆ, ನಿಲ್ಲುತ್ತದೆ, ಮತ್ತೆ ಹೊರಡುತ್ತದೆ.

"ಅಕ್ಕಾ, ಕಾಲು ಸುಮ್ನಿಟ್ಕೋ. ಕೇಳಿಸ್ತಿದೆ ನಂಗೆ."

ನಿಜ, ಮೇಜಿನ ಕೆಳಗೆ ಅಕ್ಕನ ಪಾದಗಳು ನೆಲ ತುಳಿಯುತ್ತಿವೆ. ಅವರು ನಾಚಿಕೊಂಡು ಎರಡೂ ಕಾಲನ್ನು ಎದುರಿನ ಕುರ್ಚಿಯ ಮೇಲೆ ಚಾಚಿ, ಶಾಲು ಮುಚ್ಚುತ್ತಾರೆ. ತಲೆ ಒಂದು ಕಡೆಗೆ ವಾಲಿಸಿ ಕೇಳುತ್ತಾರೆ. "ಜನಕ್ಕೆ ಹಿಂಗೆ ಕೇಳಿಸ್ತಿತ್ತಾ ಇದು?" ಎಂದು ನನ್ನತ್ತ ಬಗ್ಗುತ್ತಾರೆ. "ಎದುರಿಗೆ ಕೂತು ಕೇಳಿದ್ದೇ ಇಲ್ಲ ನೋಡಿ. ನಂಗೆ ಗೊತ್ತಿದ್ದಿದ್ದು ಇವನ ಮೊಣಕೈ, ಪಕ್ಕದಲ್ಲಿ ಫ್ಯಾನಿನ ಹಾಗೆ ತಿರುಗೋ ಆ ಸ್ಪೀಕರಿನ ಗಾಳಿ, ಅಷ್ಟೇ." ಅವರ ಕಣ್ಣು ತುಂಬಿದೆ. ಖುಷಿಗೋ ಸಂಕಟಕ್ಕೋ ಅವರಿಗೂ ತಿಳಿದಂತಿಲ್ಲ.

ಮೇಷ್ಟ್ರ ಕಾಲಿಗೆ ನಿಧಾನವಾಗಿ ಧೈರ್ಯ ಬರುತ್ತದೆ. ಆ ಜಾಗ ಬರುತ್ತದೆ. ನಡೆ ಎಡವುತ್ತದೆ, ಬಲಗೈ ಹಾರುತ್ತದೆ.

"ನಿಲ್ಸು, ನಿಲ್ಸು!" ಎಂದು ಅಕ್ಕ ಕೂಗುತ್ತಾರೆ. "ಅಲ್ಲಿ ಪಕ್ಕದ್ದನ್ನ ಯಾಕೋ ತುಳಿದೆ?"

"ನೀನು ಅಲ್ಲಿ ಅದನ್ನೇ ತಾನೇ ತುಳಿಯೋದು?"

"ಲೋ, ಅಪ್ಪ ಮೇಣ ತಿಕ್ಕುತ್ತಿದ್ದ ಆ ಹಾಲಿನ ಆರ್ಗನ್ನಲ್ಲಿ ಒಂದು ಪಟ್ಟಿ ಕೆಟ್ಟಿತ್ತು ಕಣೋ. ತುಳಿದ್ರೆ ಸದ್ದೇ ಬರ್ತಿರ್ಲಿಲ್ಲ. ಅದಕ್ಕೇ ಪಕ್ಕದ್ದು ತುಳೀತಿದ್ದೆ. ಕಾಲಿಗೆ ಅದೇ ರೂಢಿಯಾಗೋಯ್ತು."

ಮೇಷ್ಟ್ರು ಬೆಪ್ಪಾಗುತ್ತಾರೆ. "ಅಂದ್ರೆ ಅದು ತಪ್ಪಾ? ನೀನೇನೋ ಬೇಕು ಅಂತಲೇ ಮಾಡ್ತಿದೀಯ ಅಂದ್ಕೊಂಡು ನಾನು ಕೈ ಹಾರಿಸೋದು ಕಲಿತಿದ್ದೇ ಅಲ್ಲಿ! ಉಳಿದ ಹಾಡಲ್ಲೂ ಅದನ್ನೇ ಮಾಡ್ಕೊಂಡು ಬಂದೆ. ನನ್ನ ಸಂಗೀತ ಅಂತ ಇರೋದೇ ಅದು ಕಣೇ."

"ನಂಗೇನ್ ಗೊತ್ತು? ನೀನು ಹಾರಿಸ್ತಿದ್ದೆ, ಚೆನ್ನಾಗಿತ್ತು, ಸುಮ್ನಿದ್ದೆ."

ಮೇಷ್ಟ್ರು ಮತ್ತೆ ನುಡಿಸುತ್ತಾರೆ, ಈ ಸಲ ಸರಿಯಾದ ಪಟ್ಟಿ ತುಳಿದು. ನಡೆ ಎಲ್ಲಿಯೂ ಎಡವುವುದಿಲ್ಲ. ಬಲಗೈಗೆ ಹಾರಲು ಕಾರಣ ಸಿಗದೆ ಹಾಗೇ ಮುಂದೆ ಹೋಗುತ್ತದೆ. ಹಾಡು ಮುಗಿದಾಗ ಬಾಗಿಲಲ್ಲಿದ್ದ ಮ್ಯಾನೇಜರರು ಬೀಗದ ಕೈ ಆಡಿಸುವುದನ್ನು ನಿಲ್ಲಿಸುತ್ತಾರೆ.

"ಏನೋ ಕಮ್ಮಿ ಆಯ್ತಲ್ಲ ಮೇಷ್ಟ್ರೇ? ಈಗ ಮೊದಲ ಸಲ ಒಬ್ರೇ ನುಡಿಸಿದ್ರಲ್ಲ, ಹಂಗೇ ನುಡಿಸೋದಾದ್ರೆ ಆರ್ಗನ್ ಇಲ್ಲೇ ಇರ್ಲಿ ಬಿಡಿ."

ಮೇಷ್ಟ್ರು ಅಕ್ಕನ ಕಡೆ ನೋಡುತ್ತಾರೆ. ಅಕ್ಕ ಗದ್ದ ಎತ್ತಿ, ಹೂಂ ಎನ್ನುತ್ತಾರೆ. ಹಾಡು ಮತ್ತೆ ಶುರುವಾಗುತ್ತದೆ.

ನಾನು ಹೊರಡುವ ಮುಂಚೆ ಅಕ್ಕನನ್ನೇ ಕೇಳುತ್ತೇನೆ, ಇದು ಯಾರ ಬಗ್ಗೆ ಅಂತ ಬರೆಯಲಿ? ನನಗಂತೂ ಇನ್ನೂ ಗೊತ್ತಾಗಿಲ್ಲ.

"ಆರ್ಗನ್ ನುಡಿಸೋನು ಅಂತ ಅವನನ್ನೇ ಹಾಕಿ," ಎನ್ನುತ್ತಾರೆ, ಕುರ್ಚಿಯ ಮೇಲಿನ ಕಾಲನ್ನು ನೀವಿಕೊಳ್ಳುತ್ತ. "ಆ ತಪ್ಪು ಮಾತ್ರ ನಂದು ಅಂತ ಬರೀರಿ."