ಶೆಡ್ಡಿನಲ್ಲಿ ಕೂತ ಏಳನೆಯ ತರಗತಿ

ಮೊನ್ನೆ ವರ್ಷದ ಖಾರಪುಡಿಗೆಂದು ಐದು ಕಿಲೊ ಬ್ಯಾಡಗಿ ಮೆಣಸಿನಕಾಯಿ ತಂದು, ರಾಣೆಬೆನ್ನೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ತೊಟ್ಟು ಮುರಿಯುತ್ತ ಕೂತಿದ್ದೆ. ಅರ್ಧ ತಾಸಿಗೇ ಬೆರಳು ಉರಿಯತೊಡಗಿದವು. ಹೊಲಿಗೆ ಮಷಿನ್ನಿಗೆ ಒಗ್ಗಿದ ಕೈ ಹಳೆಯ ಅಭ್ಯಾಸ ಮರೆತಿತ್ತು. ಮಗಳು ಕೊಬ್ಬರಿ ಎಣ್ಣೆ ತಂದು ಅಂಗೈಗೆ ಸುರಿದಳು. ಮೆಣಸಿನಕಾಯಿ ಘಾಟಿನೊಳಗೆ ಕೊಬ್ಬರಿ ಎಣ್ಣೆ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ... ಇಪ್ಪತ್ತು ವರ್ಷದ ಹಿಂದಿನ ನಮ್ಮ ಮಾಸ್ತರು ಕಣ್ಣೆದುರು ಬಂದರು. ಅವರ ಹಿಂದೆಯೇ ಸಿಟ್ಟೂ ಬಂತು.

ಅವರು ಹೊಸರಿತ್ತಿ ಕಡೆಯ ಒಂದು ಸಣ್ಣ ಹಳ್ಳಿಯವರು. ಅವರಪ್ಪ ಮಂದಿಯ ದನ ಕಾಯುತ್ತಿದ್ದರಂತೆ. ಆ ಮನೆಯಲ್ಲಿ ಸಾಲಿ ಕಲಿತವರಲ್ಲಿ ಇವರೇ ಮೊದಲು. ಬ್ಯಾಡಗಿ ಹತ್ತಿರದ ನಮ್ಮೂರಿಗೆ ಮಾಸ್ತರಾಗಿ ಬಂದಾಗ ನಾನು ಐದನೆಯ ಇಯತ್ತೆ, ಅಂದರೆ ಐದನೆಯ ತರಗತಿಯಲ್ಲಿದ್ದೆ. ಲೆಕ್ಕ ತಪ್ಪಿದರೆ ಕಿವಿ ಹಿಂಡುತ್ತಿದ್ದರು, ಅಷ್ಟೇನೂ ಸಾಧು ಮನುಷ್ಯರಲ್ಲ. ಆದರೆ ಅವರದೊಂದು ಆಸೆ ಇತ್ತು. ಅದನ್ನು ನಾಚಿಕೆಯಿಲ್ಲದೆ ನಮ್ಮೆದುರೇ ಹೇಳುತ್ತಿದ್ದರು.

"ನಮ್ಮೂರ ಸಾಲಿಗೆ ನಾ ಹೆಡ್‌ಮಾಸ್ತರ ಆಗಿ ಹೋಗಬೇಕ್ರಲೇ. ನಮ್ಮಪ್ಪ ಕಿಡಕ್ಯಾಗ ಇಣಿಕಿ ನೋಡಿದ ಸಾಲಿ ಅದು. ಒಳಗ ಕುರ್ಚಿ ಹಾಕಿ ಕುಂದರಸ್ತೇನಿ ಅವ್ನ."

ನಾನು ಏಳನೆಯ ಇಯತ್ತೆಗೆ ಬರುವಷ್ಟರಲ್ಲಿ ಬಡ್ತಿಯ ಪಟ್ಟಿಯಲ್ಲಿ ಅವರ ಸರದಿ ಹತ್ತಿರ ಬಂದಿತ್ತು. ಇನ್ನೊಂದು ವರ್ಷ, ಅಷ್ಟೇ.

ನಮ್ಮೂರಿನ ಸಾಲಿ ಜನವರಿಗೆ ಬರಿದಾಗುತ್ತಿತ್ತು. ಬ್ಯಾಡಗಿಯಿಂದ ಮೆಣಸಿನಕಾಯಿ ಚೀಲಗಳು ಊರ ಹೊರಗಿನ ತಗಡಿನ ಶೆಡ್ಡಿಗೆ ಬಂದು ಬೀಳುತ್ತಿದ್ದವು. ತುಂಬು, ಅಂದರೆ ತೊಟ್ಟು, ಬಿಡಿಸಲು ಹೆಂಗಸರು ಹೋಗುತ್ತಿದ್ದರು. ಅವರ ಬೆನ್ನಿಗೆ ನಾವು. ಉಳಿದ ಮಾಸ್ತರು ಗೈರುಹಾಜರಿ ಬರೆದು ಪೇಪರ್ ಓದುತ್ತ ಕೂಡುತ್ತಿದ್ದರು, ಅವರಿಗದು ಸುಗ್ಗಿ. ಇವರು ಮಾತ್ರ ಮನೆಮನೆಗೆ ಬಂದು ಬೈದರು. ನಮ್ಮವ್ವ ಬಾಗಿಲಲ್ಲೇ ನಿಂತು ಹೇಳಿದಳು:

"ಸರ, ನೀವು ಹೇಳೂದು ಖರೇ ಐತ್ರಿ. ಆದ್ರ ಸಂಜೀಕ ಒಲಿ ಹಚ್ಚಬೇಕಲ್ರಿ ನಾವು."

ಅವರು ಹೊರಟುಹೋದರು. ಮರುದಿನ ಸುರುಳಿ ಸುತ್ತುವ ಕರಿಹಲಗೆ ಕಂಕುಳಲ್ಲಿ ಇರುಕಿಕೊಂಡು ಶೆಡ್ಡಿಗೇ ಬಂದರು. ಹಲಗೆಯನ್ನು ಕಂಬಕ್ಕೆ ನೇತುಹಾಕಿ, ಒಂದು ಚೀಲದ ಮೇಲೆ ಕೂತು, ನಮ್ಮ ರಾಶಿಯಿಂದ ಒಂದು ಪಾಲು ಮುಂದೆ ಎಳೆದುಕೊಂಡು ತಾವೂ ತುಂಬು ಮುರಿಯುತ್ತ ಭಿನ್ನರಾಶಿ ಹೇಳಿಕೊಟ್ಟರು. ಕೆಮ್ಮುತ್ತ, ಸೀನುತ್ತ ಕಲಿತೆವು. ಪಾಠ ಮುಗಿದ ಮೇಲೆ ತಮ್ಮ ಕೈಚೀಲದಿಂದ ಕೊಬ್ಬರಿ ಎಣ್ಣೆಯ ಬಾಟ್ಲಿ ತೆಗೆದು ಒಬ್ಬೊಬ್ಬರ ಅಂಗೈಗೂ ನಾಲ್ಕು ಹನಿ ಹಾಕುತ್ತಿದ್ದರು. ಆಮೇಲೆ ಸಾಲಿಗೆ ಹೋಗಿ ಹಾಜರಿ ಪುಸ್ತಕದಲ್ಲಿ ನಮ್ಮೆಲ್ಲರನ್ನೂ ಹಾಜರು ಅಂತ ಬರೆಯುತ್ತಿದ್ದರು. ಪಾಠ ಕೇಳಿದ ಹುಡುಗರು ಗೈರು ಹೇಗಾಗುತ್ತಾರೆ ಎನ್ನುವುದು ಅವರ ವಾದ. ಸರಕಾರಕ್ಕೆ ಅಂಥ ವಾದ ತಿಳಿಯುವುದಿಲ್ಲ ಅನ್ನುವುದು ಅವರ ತಲೆಗೆ ಹೊಳೆಯಲೇ ಇಲ್ಲ ನೋಡಿ.

ಫೆಬ್ರುವರಿಯಲ್ಲಿ ಒಂದು ದಿನ ಹಾವೇರಿಯಿಂದ ಜೀಪು ಬಂತು. ಏಳನೆಯ ಇಯತ್ತೆಯ ಕೋಣೆ ಖಾಲಿ, ಹಾಜರಿ ಪುಸ್ತಕ ಮಾತ್ರ ಭರ್ತಿ. ಬಂದ ಸಾಹೇಬರು ಅಂಗಳದಲ್ಲಿ ಕುರ್ಚಿ ಹಾಕಿಸಿ ಊರವರನ್ನು ಕರೆಸಿದರು. ಶೆಡ್ಡಿನಿಂದ ನಾವೂ ಓಡಿ ಬಂದೆವು. ಈ ಮಾಸ್ತರು ಪಾಠ ಮಾಡುತ್ತಾರೋ ಇಲ್ಲವೋ ಎಂದು ಸಾಹೇಬರು ಸಾಲಿ ಕಮಿಟಿಯ ಅಧ್ಯಕ್ಷನನ್ನು ಕೇಳಿದರು. ಆ ಅಧ್ಯಕ್ಷನೇ ಶೆಡ್ಡಿನ ಮಾಲೀಕ.

"ಎಲ್ಲಿ ಮಾಡ್ತಾರ್ರಿ ಸಾಹೇಬ್ರ. ಮನಸು ಬಂದ್ರ ಬರ್ತಾರ, ಇಲ್ಲಂದ್ರ ಇಲ್ಲ," ಅಂದ.

ಅವತ್ತು ಬೆಳಿಗ್ಗೆ ಅವನ ಶೆಡ್ಡಿನಲ್ಲಿ, ಅವನ ಕಣ್ಣೆದುರೇ ಪಾಠ ನಡೆದಿತ್ತು. ಹುಡುಗರು ಎಲ್ಲಿದ್ದರೆಂದು ಬಾಯಿ ಬಿಟ್ಟರೆ ಮಕ್ಕಳನ್ನು ದುಡಿಸಿದ ಕೇಸು ಅವನ ಕೊರಳಿಗೆ ಬೀಳುತ್ತಿತ್ತು, ಅದಕ್ಕೇ ನಾಲಿಗೆ ಹಾಗೆ ಹೊರಳಿತು. ಅವನಂತೂ ಅಂಥವನೇ. ನಮ್ಮ ಹೆಂಗಸರಿಗೇನಾಗಿತ್ತು? ಕೆಂಪಾದ ಅಂಗೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎಲ್ಲರೂ ನೆಲ ನೋಡುತ್ತ ನಿಂತರು. ನಾನು ಅವ್ವನ ಸೀರೆ ಜಗ್ಗಿದೆ.

"ಅವ್ವಾ, ನೀನರ ಹೇಳ."

"ಸುಮ್ನಿರ. ಶೆಡ್ ಮುಚ್ಚಿದ್ರ ಉಣ್ಣೂದೇನು?" ಎಂದು ನನ್ನ ರಟ್ಟೆ ಹಿಸುಕಿದಳು. ನಾನೂ ಸುಮ್ಮನಾದೆ. ಹದಿಮೂರು ವರ್ಷದವಳು, ನಾಲಿಗೆ ಚೆನ್ನಾಗಿಯೇ ಇತ್ತು. ಆದರೂ ಸುಮ್ಮನಾದೆ.

ಮಾಸ್ತರು ನಮ್ಮೆಲ್ಲರನ್ನೂ ಒಮ್ಮೆ ನೋಡಿದರು.

"ತಪ್ಪು ನಂದ ಐತ್ರಿ. ನಾನ ಸುಳ್ಳ ಹಾಜರಿ ಹಾಕೇನಿ," ಅಂದರು. ಹಾಗಂತ ಬರೆದೂ ಕೊಟ್ಟರು.

ಆ ಮಾತಿಗೆ ನನಗೆ ಅವರ ಮೇಲೂ ಸಿಟ್ಟಿದೆ. ಯಾರನ್ನು ಕಾಪಾಡಲು ಬರೆದುಕೊಟ್ಟಿರಿ ಸರ? ಆ ಅಧ್ಯಕ್ಷನನ್ನೇ? ಬಾಯಿಗೆ ಬೀಗ ಹಾಕಿಕೊಂಡ ನಮ್ಮನ್ನೇ? ಅವರು ಸಸ್ಪೆಂಡ್ ಆದರು. ಆಮೇಲೆ ಜಿಲ್ಲೆಯ ಇನ್ನೊಂದು ತುದಿಗೆ ಎತ್ತಿಹಾಕಿದರು. ಬಡ್ತಿ ಪಟ್ಟಿಯಿಂದ ಹೆಸರು ಹೋಯಿತು. ಶೆಡ್ಡಿನಲ್ಲಿ ಮಾತ್ರ ಒಂದು ದಿನದ ಕೆಲಸವೂ ನಿಲ್ಲಲಿಲ್ಲ. ಅವರು ಕಲಿಸಿದ ಲೆಕ್ಕದ ಮೇಲೆ ನಾವೆಲ್ಲ ಪಾಸಾದೆವು...

ಮೊನ್ನೆ ಆ ಉರಿಗೈಯಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ರವಿವಾರ ಬಸ್ಸು ಹತ್ತಿ, ಹಾವೇರಿಯಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಅವರ ಊರಿಗೆ ಹೋದೆ. ಬಾಗಿಲು ತೆಗೆದವರು ಅವರ ಹೆಂಡತಿ. ಮಾಸ್ತರು ತೀರಿಕೊಂಡು ಎರಡು ವರ್ಷವಾಯಿತೆಂದರು. ಕಡೆಯವರೆಗೂ ಅವರು ಬರೀ ಮಾಸ್ತರಾಗಿಯೇ ಉಳಿದರಂತೆ. ನಾನು ಅಲ್ಲೇ ಕಟ್ಟೆಯ ಮೇಲೆ ಕೂತು, ಶೆಡ್ಡಿನ ಪಾಠ, ಅಧ್ಯಕ್ಷನ ಸುಳ್ಳು, ನಮ್ಮವ್ವ, ನಾನು, ಎಲ್ಲವನ್ನೂ ಹೇಳಿದೆ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು.

"ನಮ್ಮ ಮಾವ ಸಾಯೂತನಕ ಇವರ ಕೂಡ ಮಾತಾಡಲಿಲ್ಲ ಯವ್ವಾ. ಸಾಲಿಗೆ ಹೋಗದ ಮಾಸ್ತರ ಅಂತ ಊರೆಲ್ಲ ಅಂತಿತ್ತು. ಒಮ್ಮೆ ಇವರು ಇದ್ದದ್ದು ಹೇಳಿದ್ರ, ತಪ್ಪು ಅಂತ ನೀನ ಬರದು ಕೊಟ್ಟೀಯಲ್ಲ, ಮತ್ತೇನು ಅಂದ್ರು, ಅದ ಕಡೀ ಮಾತು. ನಿಮ್ಮೂರಿಂದ ಒಬ್ಬರರ ಬಂದು ಹೇಳಿದ್ರ ನಂಬತಿದ್ರು ಯವ್ವಾ ಅವರು."

ಆಮೇಲೆ ಆಕೆ ಮೆಲ್ಲಗೆ ಕೇಳಿದರು:

"ನಿಮ್ಮೂರಿಂದ ಇಲ್ಲಿಗೆ ಎಷ್ಟು ತಾಸಿನ ದಾರಿ ಐತಿ?"

"ಎರಡು ತಾಸ್ರಿ," ಅಂದೆ.

"ಎರಡ ತಾಸು," ಎಂದು ತಮ್ಮಷ್ಟಕ್ಕೇ ಅಂದುಕೊಂಡು ಆಕೆ ನನಗೆ ನೀರು ತರಲು ಒಳಗೆ ಹೋದರು.